ಗಂಡ ಕೊಟ್ಟ ಡಬ್ಬಿ

ಅಮ್ಮಾ,

ಇದು ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಇವತ್ತಿನ ಸಂಗತಿಯನ್ನು ಇನ್ಯಾರಿಗೆ ಹೇಳಲಿ?

ನಮ್ಮೂರಿನ ಚಹಾ ಅಂಗಡಿಯವನು ತಿಂಗಳಿಂದ ಕೆಮ್ಮುತ್ತಿದ್ದ. 'ಕೆಮ್ಮಿದರೆ ಸುಮ್ಮನಿರಬೇಡಿ' ಎಂದು ಆಸ್ಪತ್ರೆಯ ಗೋಡೆಗೆ ಪ್ರಾಸ ಕಟ್ಟಿದ ನೌಕರ ನಾನೇ ತಾನೇ, ಬೆನ್ನುಬಿದ್ದು ಪರೀಕ್ಷೆಗೆ ಕಫದ ಡಬ್ಬಿ ಕೊಟ್ಟೆ. ಮರುದಿನವೇ ತುಂಬಿಸಿ ತಂದ. ಇವತ್ತು ಫಲಿತಾಂಶ ಬಂತು: ಕ್ಷಯ. ಮಾತ್ರೆ ಹಿಡಿದು ಅವನ ಮನೆಗೆ ಹೋದರೆ ಬೆವೆತುಹೋದ.

"ಅದು ನಂದಲ್ಲ ಸಾರ್. ಕಾಯಿಲೆ ಅಂತ ಗೊತ್ತಾದ್ರೆ ಅಂಗಡಿಗೆ ಯಾರು ಬರ್ತಾರೆ? ಅದಕ್ಕೇ ಇವಳದ್ದು ಕೊಟ್ಟೆ. ಇವಳು ಗಟ್ಟಿಮುಟ್ಟಾಗಿದ್ದಾಳಲ್ಲ ಅಂತ."

ಹೆಂಡತಿ ನಕ್ಕಳು. "ಮದುವೆಯಾದಾಗಿಂದ ಇವರು ನನ್ನ ಒಂದು ಮಾತನ್ನೂ ತಮ್ಮದು ಅಂದವರಲ್ಲ. ಕಫನಾದ್ರೂ ಅಂದ್ರಲ್ಲ, ಬಿಡಿ."

ನಗು ಕೆಮ್ಮಿಗೆ ತಿರುಗಿತು. ಮಡಿಲಲ್ಲಿ ಮಲಗಿದ್ದ ಮೊಮ್ಮಗಳು ಬೆಚ್ಚಿ ಎದ್ದಳು. ಆ ಕೂಸು ಅಜ್ಜಿಯ ಪಕ್ಕದಲ್ಲೇ ಮಲಗುವುದಂತೆ. ನಾಳೆ ಮೂವರಿಗೂ ಪರೀಕ್ಷೆ. ಕೂಸಿನದು ಏನಾಗುವುದೋ.

"ನಂಗೇನಿಲ್ಲ ಸಾರ್, ಬರೀ ಒಲೆ ಹೊಗೆ" ಎಂದಳು. ನಾನು ಒಲೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಂದು ನೀನು ಕೆಮ್ಮುತ್ತಾ "ಬರೀ ಧೂಳು ಕಣೋ" ಎಂದಾಗ ಮನೆಯ ಕಿಟಕಿಗಳನ್ನೆಲ್ಲ ಒರೆಸಿದ್ದೆ.