ಆಕಾಶವಾಣಿ ಕೇಳುವ ಗಡಿಯಾರ

ಹೊಳೆನರಸೀಪುರ
೯-೧೨-೨೦೦೩, ಮಂಗಳವಾರ ಬೆಳಿಗ್ಗೆ

ಪ್ರೀತಿಯ ದಿವ್ಯಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಪಾಪು ಬೋರಲು ಬಿದ್ದಳಂತೆ, ಮೊನ್ನೆ ಪೇಟೆಗೆ ಬಂದಿದ್ದ ಮಾವ ಹೇಳಿದರು. ಅದನ್ನು ಕೇಳಿ ಅಮ್ಮ ಅವತ್ತೇ ಒಬ್ಬಟ್ಟು ಮಾಡಿ, ಮಗು ನಿನ್ನ ತವರು ಮಲ್ಲಿಪಟ್ಟಣದಲ್ಲಿದ್ದರೂ ಇಲ್ಲಿ ಬೀದಿಗೆಲ್ಲ ಹಂಚಿದರು. ಥಂಡಿ ಜೋರಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಹದಿನೈದು ದಿನದಿಂದ ಚೆನ್ನಾಗಿಲ್ಲ, ಅದಕ್ಕೇ ಈ ಕಾಗದ. ಶನಿವಾರ ಹೇಗೂ ನಾನೇ ಬರುತ್ತಿದ್ದೇನೆ. ಆದರೂ ನಾನು ಬರುವ ಹೊತ್ತಿಗೆ ನೀನು ಇದನ್ನು ಓದಿರಬೇಕು. ಎದುರು ನಿಂತು ಹೇಳುವಷ್ಟು ಧೈರ್ಯ ನನಗಿಲ್ಲ.

ವಿಷಯ ನಮ್ಮ ಗಡಿಯಾರದ್ದು. ಹೋದ ವರ್ಷ ದೀಪಾವಳಿ ರಜೆಯಲ್ಲಿ ನಾನು ಅದನ್ನು ಶುರು ಮಾಡಿದ್ದು ಯಾಕೆ ಎಂದು ನಿನಗೆ ಗೊತ್ತು. ನಮ್ಮ ಶಾಲೆಯ ಜವಾನ ಬೋರಪ್ಪನ ಕೈಗಡಿಯಾರ ದಿನಕ್ಕೊಂದು ಹೊತ್ತು ತೋರಿಸುತ್ತಿತ್ತು. ಹೆಡ್ಮಾಸ್ಟರ್ ಷಡಕ್ಷರಿಯವರು ಸ್ಟಾಫ್ ರೂಮಿನಲ್ಲಿ ನಿಂತು, "ಏನ್ ವಿಜ್ಞಾನ ಮೇಷ್ಟ್ರೇ, ಟೈಮಿಗೆ ಸರ್ಯಾಗಿ ಗಂಟೆ ಒಡ್ಸಕ್ಕೂ ಒಂದ್ ದಾರಿ ಇಲ್ವಾ?" ಎಂದು ಎಲ್ಲರ ಮುಂದೆ ಕೇಳಿದ್ದರು. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಬೀಪ್ ಬೀಪ್ ಸದ್ದನ್ನು ಗಡಿಯಾರವೇ ಕೇಳಿಸಿಕೊಂಡು ತನ್ನನ್ನು ತಾನು ತಿದ್ದಿಕೊಂಡರೆ ಹೇಗೆ ಎಂದು ನನಗೆ ಹೊಳೆದದ್ದು ಆಗಲೇ. ಹಳೇ ಟ್ರಾನ್ಸಿಸ್ಟರ್ ಒಳಗಿಂದ ವೈರು ಎಳೆದೆ, ಬೆಂಗಳೂರಿನಿಂದ ಮೈಕ್ರೋಕಂಟ್ರೋಲರ್ ಅನ್ನುವ ಚಿಪ್ ತರಿಸಿದೆ, ಕೆಂಪಗೆ ಉರಿಯುವ ಅಂಕಿಗಳನ್ನು ಸಾಲಾಗಿ ಕೂರಿಸಿದೆ. ಆರು ತಿಂಗಳು ಒದ್ದಾಡಿದೆ. ಆದರೆ ಆಗಿದ್ದೇನು? ಹಾಸನ ಕೇಂದ್ರದಲ್ಲಿ ಯಾರಾದರೂ ಕೊಳಲು ಊದಿದರೆ ಸಾಕು, ಅದನ್ನೇ ಬೀಪ್ ಎಂದು ತಿಳಿದು ಗಡಿಯಾರ ಹಿಂದಕ್ಕೂ ಮುಂದಕ್ಕೂ ಕುಣಿಯುತ್ತಿತ್ತು. ಜನಪದ ಗೀತೆ ಬಂದ ದಿನವಂತೂ ಕೇಳುವುದೇ ಬೇಡ.

ಬೇಸಿಗೆ ರಜೆಯಲ್ಲಿ ಒಂದು ದಿನ ನೀನು ಹುರುಳಿಕಾಯಿ ಸೋಸುತ್ತಾ ಕುಳಿತಿದ್ದವಳು ತಲೆಯೆತ್ತದೆ ಹೇಳಿದೆ, "ರೀ, ಯಾವಾಗ್ಲೂ ಯಾಕೆ ಕಿವಿ ಕೊಡ್ಬೇಕು ಅದು? ಗಂಟೆ ಆಗಕ್ಕೆ ಒಂದ್ ನಿಮಿಷ ಇದೆ ಅನ್ನೋವಾಗ ಮಾತ್ರ ಕೇಳ್ಲಿ, ಮಿಕ್ಕ ಹೊತ್ತು ಕಿವುಡಾಗಿರ್ಲಿ. ಆಮೇಲೆ ಸದ್ದನ್ನ ಅಳೀಬೇಡಿ, ಎರಡು ಸದ್ದಿನ ಮಧ್ಯೆ ಇರೋ ಮೌನ ಅಳೀರಿ. ಕೊಳಲಿನೋರು ಅಷ್ಟ್ ಲೆಕ್ಕವಾಗಿ ಸುಮ್ನಿರಲ್ಲ." ನಿನ್ನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸರ್ಟಿಫಿಕೇಟು ಮದುವೆಯಾದಾಗಿನಿಂದ ಟ್ರಂಕಿನಲ್ಲೇ ಇತ್ತು. ಅದರ ಒಳಗೆ ಏನಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನೀನು ಐದು ದಿನದಲ್ಲಿ ನೋಟುಪುಸ್ತಕದ ತುಂಬ ಪ್ರೋಗ್ರಾಂ ಬರೆದೆ. ಆರು ತಿಂಗಳ ಬಸುರಿ, ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ನಿನ್ನ ಹಳೇ ಮೇಡಂ ಹತ್ತಿರ ಅದನ್ನು ಚಿಪ್ಪಿಗೆ ತುಂಬಿಸಿಕೊಂಡು ಬಂದೆ. ಮಾರನೆಯ ದಿನ ಬೆಳಿಗ್ಗೆ ನಾವು ಬೇಕೆಂದೇ ಗಡಿಯಾರವನ್ನು ಇಪ್ಪತ್ತು ಸೆಕೆಂಡು ಹಿಂದಿಟ್ಟು ಕಾದೆವು. ವಾರ್ತೆಯ ಬೀಪ್ ಬಂತು. ಅಂಕಿಗಳು ಒಂದೇ ನೆಗೆತಕ್ಕೆ ಸರಿಯಾದವು. ಅಮ್ಮ ಕೈತಟ್ಟಿ, "ಆರ್ ತಿಂಗ್ಳಿಂದ ನೀನ್ ಮಾಡಕ್ಕಾಗ್ದೇ ಇದ್ದಿದ್ನ ಅವ್ಳು ಒಂದ್ ವಾರದಲ್ ಮಾಡ್ಬುಟ್ಲು ಕಣ್ಲಾ!" ಎಂದರು. ನೀನು ನಗುತ್ತಾ ನನ್ನ ಮುಖ ನೋಡಿದೆ. ನಾನು ಏನು ಹೇಳಿದೆ ನೆನಪಿದೆಯಾ? "ನೋಡೋಣ, ನಾಳೆಯೂ ಹಿಂಗೇ ಬರುತ್ತಾ ಅಂತ." ನಿನ್ನ ನಗು ಅಲ್ಲೇ ನಿಂತಿತು. ಅದು ನಿಂತದ್ದು ನನಗೆ ಒಳಗೊಳಗೇ ಹಿತವಾಯಿತು ದಿವ್ಯಾ. ಅದನ್ನೇ ಬರೆಯಲು ನಾಚಿಕೆ.

ನೀನು ಸೀಮಂತ ಮಾಡಿಸಿಕೊಂಡು ತವರಿಗೆ ಹೋದ ಮೇಲೆ ಗಡಿಯಾರವನ್ನು ಶಾಲೆಗೆ ಕೊಂಡೊಯ್ದೆ. ಮೊದಮೊದಲು "ನಾವು ಮಾಡಿದ್ದು" ಅನ್ನುತ್ತಿದ್ದೆ. ಯಾವಾಗ ಅದು "ನಾನು ಮಾಡಿದ್ದು" ಆಯಿತೋ ನನಗೇ ತಿಳಿಯಲಿಲ್ಲ. ಹೋದ ತಿಂಗಳ ಕೊನೆಯಲ್ಲಿ ಹಾಸನದಲ್ಲಿ ಶಿಕ್ಷಕರ ವಿಜ್ಞಾನ ಪ್ರದರ್ಶನ ನಡೆಯಿತು. ಚಾರ್ಟಿನ ಕೆಳಗೆ ಇಬ್ಬರ ಹೆಸರೂ ಬರೆದಿದ್ದೆ. ನಂಬು, ಬರೆದಿದ್ದೆ. ಆಮೇಲೆ ಅದರ ಮೇಲೆ ಬಿಳಿ ಕಾಗದ ಅಂಟಿಸಿ ನನ್ನದೊಂದೇ ಬರೆದೆ.

ತೀರ್ಪುಗಾರರಲ್ಲಿ ಸಂಪತ್ಕುಮಾರ ಅಂತ ಒಬ್ಬರು. ಹಾಸನದಲ್ಲೇ ಡೈರಿಗಳಿಗೆ ಹಾಲು ತೂಗುವ ಯಂತ್ರ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಾರೆ. ಮೆಲುಮಾತಿನವರು. ಗಡಿಯಾರವನ್ನು ತುಂಬ ಹೊತ್ತು ನೋಡಿ, "ಕರೆಂಟು ಹೋಗಿ ಬಂದು, ಬೀಪು ಅರ್ಧ ಮಾತ್ರ ಕೇಳಿಸಿದ್ರೆ ಏನ್ಮಾಡತ್ತೆ ಮೇಷ್ಟ್ರೇ?" ಎಂದರು. ನನಗೆ ಗೊತ್ತಿರಲಿಲ್ಲ. ನಿನ್ನ ನೋಟುಪುಸ್ತಕ ತೆಗೆದೆ. ಅಂಚಿನಲ್ಲಿ ನೀನೇ ಬರೆದಿದ್ದೆ, ಅರ್ಧ ಸಿಕ್ಕರೆ ನಂಬಬಾರದು, ಮುಂದಿನ ಗಂಟೆಗೆ ಕಾಯಬೇಕು ಎಂದು. ಅವರು ಅದನ್ನು ಓದಿದರು. "ಅಕ್ಷರ ನಿಮ್ದಾ?" "ನಮ್ಮ ಮನೆಯವರದು ಸಾರ್." "ಹಾಗಾದ್ರೆ ಅವರ ಹೆಸರೆಲ್ಲಿ?" ಎಂದು ಚಾರ್ಟಿನ ಕಡೆ ನೋಡಿದರು. ನಾನು, "ಅವಳು ಬರೀ ನೀಟಾಗಿ ನಕಲು ಮಾಡಿ ಕೊಟ್ಟಳು ಸಾರ್" ಎಂದುಬಿಟ್ಟೆ.

ಎರಡನೇ ಬಹುಮಾನ ಬಂತು. ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗೆ ಸಂತೋಷವಾಗಲಿಲ್ಲ. ಬೇಜಾರು ಕೂಡ ಆಗಲಿಲ್ಲ, ಬರೀ ಸಿಟ್ಟು. ಯಾರ ಮೇಲೆ ಗೊತ್ತೇ? ನಿನ್ನ ಮೇಲೆ. ಹುರುಳಿಕಾಯಿ ಸೋಸುತ್ತಾ ಹೇಳಿಬಿಟ್ಟೆಯಲ್ಲ, ಅದರ ಮೇಲೆ. ನೀನು ಒಂದು ತಿಂಗಳು ಒದ್ದಾಡಿದ್ದರೂ, ಎರಡು ಸಲ ತಪ್ಪಿದ್ದರೂ ನಾನು ತಡೆದುಕೊಳ್ಳುತ್ತಿದ್ದೆನೇನೋ. ಮನೆಗೆ ಬಂದರೆ ಅಮ್ಮ ಕೇಳಿದ ಮೊದಲ ಮಾತೇ "ಅವ್ಳ್ ಎಸ್ರು ಆಕ್ಸಿದ್ಯೇನ್ಲಾ?" ನಾನು ಕಪ್ಪನ್ನು ಕಪಾಟಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಅಮ್ಮ ಅನ್ನ ಬಡಿಸಿ, ಎದುರಿಗೆ ಕೂರದೆ ಒಳಗೆ ಹೋದರು. ಮಾರನೆಯ ದಿನ ಶಾಲೆಯಲ್ಲಿ ಷಡಕ್ಷರಿಯವರು ಕಪ್ಪನ್ನು ಬೀರುವಿನಲ್ಲಿಡಲು ಹೋದಾಗ, ಇದು ನನ್ನ ಹೆಂಡತಿ ಮಾಡಿದ್ದು ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ಮತ್ತೆ ಹೇಳಿದೆ. ಆಗ ನಗಲಿಲ್ಲ. ಅಂಟಿಸಿದ್ದ ಕಾಗದವನ್ನು ನೀರು ಹಚ್ಚಿ ಕಿತ್ತಿದ್ದೇನೆ. ಕೆಳಗಿನ ಅಕ್ಷರ ಸ್ವಲ್ಪ ಕದಡಿದೆ, ಆದರೂ ಓದಬಹುದು.

ಹೇಳಬೇಕಾದ್ದು ಇಷ್ಟು. ಕ್ಷಮಿಸು ಎಂದು ಬರೆದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ. ಅದಕ್ಕೇ ಬರೆಯುವುದಿಲ್ಲ. ಅತ್ತೆ ಬಸವಲಿಂಗಮ್ಮನವರಿಗೂ ಮಾವನವರಿಗೂ ನನ್ನ ನಮಸ್ಕಾರ. ಪಾಪುವಿನ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ.

ನಿನ್ನವ,
ಗೌರೀಶಂಕರ

ವಿ.ಸೂ.: ಮೇಲೆ 'ಇಷ್ಟು' ಎಂದು ಬರೆದೆನಲ್ಲ, ಅದೂ ಸುಳ್ಳು. ಲಕೋಟೆ ಅಂಟಿಸುವ ಮುಂಚೆ ಬೇಗ ಬರೆಯುತ್ತಿದ್ದೇನೆ, ಶಾಲೆಗೆ ಹೊತ್ತಾಯಿತು. ಅವತ್ತು ನಾನು ಹೊರಡುವಾಗ ಸಂಪತ್ಕುಮಾರರು ಬಾಗಿಲವರೆಗೂ ಬಂದು, "ನಕಲು ಮಾಡೋರು ಅಂಚಲ್ಲಿ ಹಂಗೆ ಬರೆಯಲ್ಲ ಮೇಷ್ಟ್ರೇ. ನಮ್ಮ ಯಂತ್ರಕ್ಕೆ ಪ್ರೋಗ್ರಾಂ ಬರೆಯೋರು ಬೇಕು, ಅವರನ್ನ ಕೆಲಸಕ್ಕೆ ಕಳಿಸಿಕೊಡ್ತೀರಾ?" ಎಂದು ಕೇಳಿದರು. ನಾನು ನಿನ್ನನ್ನು ಕೇಳದೆ, ಮಗು ಚಿಕ್ಕದು, ಅವಳಿಗೂ ಇಷ್ಟವಿಲ್ಲ ಎಂದು ಹೇಳಿ ಬಂದೆ. ನಿನ್ನೆ ಬೂತಿನಿಂದ ಅವರಿಗೆ ಫೋನ್ ಮಾಡಿ, ಇಷ್ಟವಿಲ್ಲ ಅಂದದ್ದು ಅವಳಲ್ಲ, ನಾನು ಎಂದು ಹೇಳಿದ್ದೇನೆ. ಕೆಲಸ ಇನ್ನೂ ಖಾಲಿ ಇದೆ, ಈ ತಿಂಗಳು ಇಪ್ಪತ್ತಾರರವರೆಗೆ ಕಾಯುತ್ತಾರಂತೆ. ಮಗುವನ್ನು ಅಮ್ಮ ನೋಡಿಕೊಳ್ಳುತ್ತಾರಂತೆ, ಅವರೇ ಹೇಳಿದರು. ನಿನ್ನ ಪರವಾಗಿ ನಾನು ಹೌದು ಎಂದೂ ಹೇಳಿಲ್ಲ. ಫೋನ್ ನಂಬರಿನ ಚೀಟಿ ಒಳಗಿದೆ. ನನಗೆ ಈಗಲೂ ಹೊಟ್ಟೆ ಉರಿಯುತ್ತಿದೆ ದಿವ್ಯಾ, ಮುಚ್ಚಿಡುವುದಿಲ್ಲ. ಶನಿವಾರದವರೆಗೆ ಕಾಯಬೇಡ, ನಾನು ಬರುವ ಮೊದಲೇ ಸಂಪತ್ಕುಮಾರರಿಗೆ ಫೋನ್ ಮಾಡು.