ಹನ್ನೊಂದನೆಯ ಕಾರ್ಡು

ಮಹಡಿ ಕೋಣೆ,
ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕಾ,

ಕಾಲುನೋವು ಹೇಗಿದೆ? ಆಸ್ಪತ್ರೆಯಲ್ಲಿ ಊರವರನ್ನೆಲ್ಲ ನೋಡಿಕೊಳ್ಳುವ ಭರದಲ್ಲಿ ನಿಮ್ಮ ಊಟ ಮರೆಯಬೇಡಿ. ನಾನಂತೂ ಮದುವೆಯಾಗಿ ಈ ಮನೆಗೆ ಬಂದ ಮೇಲೆ ಎಷ್ಟು ಚೆನ್ನಾಗಿದ್ದೇನೆ ಎಂದರೆ ಬರೆಯಲು ನಾಚಿಕೆಯಾಗುತ್ತದೆ. ನಿಮ್ಮ ತಮ್ಮ ಹಲ್ಲುಜ್ಜುತ್ತಲೇ ಹಾಡುತ್ತಾರೆ. ಒಂದು ಪದವೂ ಅರ್ಥವಾಗುವುದಿಲ್ಲ, ಆದರೂ ಬಾಗಿಲ ಹೊರಗೆ ನಿಂತು ಕೇಳುತ್ತೇನೆ. ನನ್ನ ಕನ್ನಡ ನೋಡಿ ನಗಬೇಡಿ, ಶಾಲೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿತವಳು.

ಮನೆಯ ದೊಡ್ಡ ಸುದ್ದಿ ಮೆಟ್ಟಿಲ ಕೆಳಗಿನ ಕಂಪ್ಯೂಟರಿನದು. ಎಲ್ಲರದೂ ಒಂದೇ ವೈಫೈ ಆಗಿದ್ದರಿಂದ ಚಿಕ್ಕಮಾವ ಕುಣಿಯುವುದನ್ನು ಕಲಿಯುತ್ತಿದ್ದ ವಿಡಿಯೋ ತಪ್ಪಿ ತಾತನ ಟಿವಿಯಲ್ಲಿ, ಅದೂ ನೆಂಟರ ಮುಂದೆ, ಓಡಿತಲ್ಲ, ಅಂದಿನಿಂದ ಎಲ್ಲರದೂ ಒಂದೇ ಮಾತು: ‘ನಂದು ಬೇರೆ ಇರಲಿ.’ ನಿಮ್ಮ ತಮ್ಮ ಆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಸೃಷ್ಟಿಸಿದರು, ವರ್ಚುವಲ್ ಮಷಿನ್. ಕಣ್ಣಿಗೆ ಕಾಣದ ಆ ಮಹಾಶಯನೇ ಈಗ ಮನೆಯ ಇಂಟರ್ನೆಟ್ಟಿನ ಕಾವಲುಗಾರ. ಹೊರಗಿನ ಲೈನಿಗೊಂದು, ಒಬ್ಬೊಬ್ಬರಿಗೆ ಒಂದೊಂದು ನೆಟ್‌ವರ್ಕ್ ಕಾರ್ಡು, ಅಂದರೆ ಇಂಟರ್ನೆಟ್ ಬಂದುಹೋಗುವ ಬಾಗಿಲು, ಅವೂ ಕಾಣದವೇ. ಕಾಣದ ವಸ್ತುವಿಗೆ ಏನು ಬರ ಎಂದುಕೊಂಡಿದ್ದೆ. ಹತ್ತಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಂತೆ! ಹನ್ನೊಂದನೆಯ ಕಾರ್ಡು ನನ್ನದು. ‘ಮುಗಿದೇ ಹೋಯ್ತು ಕಣೇ, ಅದು ಒಪ್ತಿಲ್ಲ,’ ಎಂದು ನಿಮ್ಮ ತಮ್ಮ ತಲೆ ಕೆರೆದುಕೊಂಡದ್ದು ಎಷ್ಟು ಮುದ್ದಾಗಿತ್ತೆಂದರೆ ಕೋಪವೇ ಬರಲಿಲ್ಲ.

ಬರಬೇಕಿತ್ತು. ಬರುವ ಒಂದನೇ ತಾರೀಖಿನಿಂದ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿದೆ, ನನ್ನ ಮೊದಲ ಕೆಲಸ! ನನ್ನ ಫೋನಿಗೆ ಸಿಗ್ನಲ್ ಸಿಗುವುದು ಬಚ್ಚಲಿನಲ್ಲಿ ಮಾತ್ರ. ಅಲ್ಲಿ ಕೂತು ಭಿನ್ನರಾಶಿ ಹೇಳಿಕೊಡಲೇ? ಅಲ್ಲಿ ಆಡಿದ ಮಾತೆಲ್ಲ ಅಡುಗೆಮನೆಗೆ ಕೇಳಿಸುತ್ತದೆ, ಅದಕ್ಕೇ ನಿಮಗೂ ಕಾಗದ ಬರೆಯುತ್ತಿದ್ದೇನೆ. ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಒಂದೇ ಕಾರ್ಡಿನಲ್ಲಿ ಇಬ್ಬರನ್ನು ಕೂರಿಸಬಹುದಂತೆ. ಆದರೆ ನಿಮ್ಮ ತಮ್ಮನ ಕಾರ್ಡಿಗೆ ಯಾರನ್ನೂ ಸೇರಿಸಲು ಅವರ ಕಚೇರಿ ಬಿಡುವುದಿಲ್ಲ. ಮಿಕ್ಕವರನ್ನು ಕೇಳಿದೆ. ತಾತನಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದಾಯಿತು. ಚಿಕ್ಕಮಾವ ಸೆಖೆಯ ಮಾತು ತೆಗೆದರು. ಸುಮ್ಮನೆ ಬಿದ್ದಿರುವುದು ನಿಮ್ಮದೊಂದೇ. ಅದನ್ನು ತೆಗೆದು ನನಗೆ ಕೊಡುತ್ತೇನೆಂದು ನಿಮ್ಮ ತಮ್ಮ ಹೊರಟರೆ, ಅತ್ತೆ ಸೌಟು ಹಿಡಿದೇ ಬಂದು ಅಡ್ಡ ನಿಂತರು. ‘ಮಗಳು ದೂರ ಇದ್ದಾಳೆ ಅಂತ ಅವಳ ಹೆಸರು ಅಳಿಸ್ತೀಯೇನೋ?’ ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು. ಇಬ್ಬರೂ ಅತ್ತು, ಮೂಗು ಒರೆಸಿಕೊಂಡು ಕಾಫಿ ಕುಡಿದೆವು.

ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ತಾತನ ಆಶೀರ್ವಾದ ಟಿವಿಯ ಸದ್ದನ್ನೂ ಮೀರಿಸಿ ಬಂದಿದೆ, ಹಾಗೇ ಕಳಿಸುತ್ತಿದ್ದೇನೆ.

ನಿಮ್ಮ ಹೊಸ ತಂಗಿ

ತಾ.ಕ.: ನಿಮ್ಮ ಜಾಗ ಬಿಡಿಸಲು ಬರೆದಿಲ್ಲ ಅಕ್ಕಾ. ನಿಮ್ಮ ಹೆಸರು ಹಾಗೇ ಇರಲಿ, ಸ್ವಲ್ಪ ಸರಿದು ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತೀರಾ? ಮನಸ್ಸಿದ್ದರೆ ಒಂದನೇ ತಾರೀಖಿನೊಳಗೆ ಅತ್ತೆಗೆ ಫೋನ್ ಮಾಡಿ, ನಿಮಗೇ ಹೊಳೆದ ಉಪಾಯ ಎಂಬಂತೆ ಹೇಳಿ. ಅತ್ತೆ ಮೆಟ್ಟಿಲು ಹತ್ತುತ್ತಿದ್ದಾರೆ, ಲಕೋಟೆ ಅಂಟಿಸುತ್ತೇನೆ.