ಹಿಂತೆಗೆದುಕೊಂಡ ಹೆಸರು

ಬ್ನೇದ್ ಅಲ್ ಗಾರ್, ಕುವೈತ್
೧೪ ಡಿಸೆಂಬರ್ ೨೦೧೦, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ನಿಖಿತಾಳಿಗೆ,

ಫೋನಿನಲ್ಲಿ ಬಾಯಿಗೆ ಬಾರದ್ದನ್ನು ಬರೆಯಲು ಕೂತಿದ್ದೇನೆ. ಪಕ್ಕದ ಫ್ಲ್ಯಾಟಿನ ಆಲಿವ್ ಕ್ರಿಸ್‌ಮಸ್‌ಗೆಂದು ನಾಳೆ ಊರಿಗೆ ಹೊರಡುತ್ತಾಳೆ. ಗುರುವಾರ ಈ ಕಾಗದ ನಿನ್ನ ಕೈಗೆ ಸಿಗುತ್ತದೆ. ನಾನು ನೋಡಿಕೊಳ್ಳುವ ಅಜ್ಜಿ ಊಟ ಮಾಡಿ ಮಲಗಿದ್ದಾರೆ. ಇನ್ನೆರಡು ಗಂಟೆ ಈ ಮನೆಯಲ್ಲಿ ಗಡಿಯಾರದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಬೆಳಗಿನ ಮಂಜು ಇನ್ನೂ ಕರಗಿಲ್ಲ. ಹನ್ನೊಂದನೇ ಮಹಡಿಯ ಈ ಕಿಟಕಿಯಿಂದ ನೋಡಿದರೆ ಕಡಲು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ನೀನು ತಾಲೂಕು ಪಂಚಾಯತಿಗೆ ನಾಮಪತ್ರ ಹಾಕಿದ್ದೀ ಎಂದು ಕೇಳಿದಂದಿನಿಂದ ದಿನಾ ಈ ಹೊತ್ತಿಗೆ ನಾನೂ ನಿನ್ನ ಜತೆ ವೋಟು ಕೇಳಲು ಹೊರಡುತ್ತೇನೆ. ನಗಬೇಡ. ಆ ಬಿಳಿ ಮಬ್ಬಿನೊಳಗೆ ಕಾಲಿಟ್ಟರೆ ನಮ್ಮ ಗುಡ್ಡೆಯ ದಾರಿ. ಮೊದಲ ಮನೆಯ ಹವ್ವಮ್ಮ ಚಾಪೆ ಹಾಸಿ ಕೂರಿಸುತ್ತಾರೆ, ಬಾವಿಯ ನೀರು ಕೊಟ್ಟು ಉಪ್ಪು ನೋಡು ಎನ್ನುತ್ತಾರೆ. ನೀನು ಮಾತಾಡುತ್ತೀ. ನಾನು ಹಿಂದೆ ಕೊಡೆ ಹಿಡಿದು ನಿಂತಿರುತ್ತೇನೆ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಆದರೂ ಕೊಡೆ. ಮನೆಮನೆ ದಾಟುತ್ತಾ ನಾವಿಬ್ಬರೂ ಹಗುರಾಗುತ್ತೇವೆ, ಕಾಲು ನೆಲಕ್ಕೆ ತಾಗುವುದೇ ಇಲ್ಲ. ಅಷ್ಟರಲ್ಲಿ ಅಜ್ಜಿ ಕೆಮ್ಮುತ್ತಾರೆ, ನಾನು ಮತ್ತೆ ಅಡುಗೆಮನೆಯಲ್ಲಿ ಇರುತ್ತೇನೆ.

ಭಾನುವಾರ ನೀನು ಫೋನಿನಲ್ಲಿ ಹೇಳಿದೆಯಲ್ಲ, ಕಾಂತಪ್ಪ ಜನ ಕಳಿಸಿದ್ದರು, ಅವರ ಸೊಸೆಗೆ ಸೀಟು ಬಿಟ್ಟುಕೊಟ್ಟರೆ ತಮ್ಮ ಶಾಲೆಯಲ್ಲಿ ನಿನಗೆ ಟೀಚರ್ ಕೆಲಸ ಕೊಡುತ್ತಾರಂತೆ, ಶನಿವಾರ ಹಿಂತೆಗೆಯಲು ಕೊನೆಯ ದಿನ ಎಂದು. ನಾನು ಯೋಚಿಸದೆ, ತಗೋ ಮಗಾ ಎಂದುಬಿಟ್ಟೆ. ಅಪ್ಪ ಮಾತ್ರ ಚುನಾವಣೆಗೆ ನಿಲ್ಲು ಎನ್ನುತ್ತಾರೆ ಎಂದೆ ನೀನು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲೇ ಕೂತಿದೆ: "ಆವತ್ತು ನಿನ್ನ ಹೆಸರು ತೆಗೆಸಿ ಗಲ್ಫಿಗೆ ಅಟ್ಟಿದವರು, ಈಗ ನನಗೆ ನಿಲ್ಲು ಹೇಳ್ಲಿಕ್ಕೆ ಅವರಿಗೆ ಎಂತ ಮುಖ ಉಂಟಮ್ಮ?"

ಆ ಕಥೆ ನಿನಗೆ ಅರ್ಧವೇ ಗೊತ್ತು. ೧೯೯೫ರಲ್ಲಿ ನಿನಗೆ ಏಳು ವರ್ಷ. ನಾವು ಕಟ್ಟಿದ ಬೀಡಿ ಕೊಡುತ್ತಿದ್ದ ಬೀಡಿ ಬ್ರಾಂಚಿನ ಹೆಂಗಸರು ಸೇರಿ ಇದೇ ಸೀಟಿಗೆ ನನ್ನನ್ನು ನಿಲ್ಲಿಸಿದರು. ಬಾವಿಗಳಿಗೆ ಆಗಲೇ ಉಪ್ಪು ಏರುತ್ತಿತ್ತು. ಗ್ರಾಮಸಭೆಯಲ್ಲಿ ಎದ್ದು ಕೇಳಿದ ಹೆಂಗಸು ನಾನೊಬ್ಬಳೇ ಎಂಬುದು ಬಿಟ್ಟರೆ ನನಗೆ ಬೇರೆ ಯೋಗ್ಯತೆ ಇರಲಿಲ್ಲ. ಎದುರಿಗೆ ಕಾಂತಪ್ಪಣ್ಣನ ಹೆಂಡತಿ. ಹಿಂತೆಗೆಯುವ ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಕಾಂತಪ್ಪಣ್ಣನೇ ಮನೆಗೆ ಬಂದರು. ಬೈಯಲಿಲ್ಲ, ಹೆದರಿಸಲಿಲ್ಲ. "ಜಲಜಾ, ನಮ್ಮ ಭಾವನ ಹತ್ರ ಕುವೈತಿನದ್ದೊಂದು ವೀಸಾ ಉಂಟು. ಹೋಗುದಾದ್ರೆ ಅದು ನಿಂಗೆ" ಎಂದರು. ಚುನಾವಣೆಯ ಸುದ್ದಿಯನ್ನೇ ಎತ್ತದೆ ಚಹಾ ಕುಡಿದು ಎದ್ದರು. ನಾವು ತಾಲೂಕು ಕಚೇರಿಗೆ ಹೋದೆವು, ಸಹಿ ಹಾಕಿದೆವು, ಬಸ್ಸು ಹಿಡಿದು ಬಂದೆವು. ಮೂರನೇ ತಿಂಗಳಿಗೆ ನಾನಿಲ್ಲಿದ್ದೆ. ಅತ್ತೆ ಕಳಿಸಿದ ವೀಸಾ ಎಂದು ನಿನಗೆ ಹೇಳಿದ್ದು ಸುಳ್ಳು.

ಇಲ್ಲಿ ಕಡಲ ನೀರನ್ನೇ ಸಿಹಿ ಮಾಡಿ ನಲ್ಲಿಗೆ ಬಿಡುತ್ತಾರೆ. ಬಂದ ದಿನ ಆ ನೀರಿನ ಲೋಟ ಹಿಡಿದು ಅತ್ತುಬಿಟ್ಟೆ. ನನಗೆ ಊರು ನೆನಪಾಯಿತೇನೋ ಎಂದುಕೊಂಡು ಅಜ್ಜಿ ನನ್ನ ಅಂಗೈಗೆ ನಾಲ್ಕು ಖರ್ಜೂರ ಹಾಕಿದರು.

ಭಾನುವಾರ ಆಡಿದ ಮಾತನ್ನು ಇವತ್ತು ಹಿಂತೆಗೆದುಕೊಳ್ಳುತ್ತೇನೆ. ನಿಲ್ಲು ಎಂದು ಒತ್ತಾಯಿಸುವುದಿಲ್ಲ, ಕೆಲಸವೂ ಕೆಟ್ಟದ್ದಲ್ಲ. ಆದರೆ ಸೋತವರ ನೋವು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇಲ್ಲ. ಬೀಳದ ವೋಟುಗಳನ್ನು ಎಣಿಸುತ್ತ ಕೂರುವುದು ಮಾತ್ರ ಗೊತ್ತು. ಕೆಲವು ಮಧ್ಯಾಹ್ನ ಗೆಲ್ಲುತ್ತೇನೆ, ಹವ್ವಮ್ಮ ಹಾರ ಹಾಕುತ್ತಾರೆ. ಕೆಲವು ಮಧ್ಯಾಹ್ನ ನಾಲ್ಕೇ ವೋಟಿಗೆ ಸೋಲುತ್ತೇನೆ. ಹದಿನೈದು ವರ್ಷವಾಯಿತು, ಫಲಿತಾಂಶ ಬಂದಿಲ್ಲ.

ಅಜ್ಜಿ ಎದ್ದರು. ಹೊತ್ತು ಹೊತ್ತಿಗೆ ಊಟ ಮಾಡು, ಗಂಟಲು ಕೆಡಿಸಿಕೊಳ್ಳಬೇಡ.

ನಿನ್ನನ್ನೇ ನೆನೆಯುವ ಅಮ್ಮ,
ಜಲಜಾಕ್ಷಿ

ತಾ.ಕ.: ಬುಧವಾರ ಬೆಳಿಗ್ಗೆ. ಆಲಿವ್ ಬಾಗಿಲಲ್ಲಿ ನಿಂತು, ಯಲ್ಲಾ, ಬೇಗ ಜಲಜಕ್ಕ, ಟ್ಯಾಕ್ಸಿ ಬಂತು ಎನ್ನುತ್ತಿದ್ದಾಳೆ. ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ತಾಲೂಕು ಕಚೇರಿಗೆ "ನಾವು" ಹೋದೆವು ಎಂದು ಬರೆದಿದ್ದೇನೆ. ನಾವಲ್ಲ. ನಾನೊಬ್ಬಳೇ ಹೋದದ್ದು, ಅಪ್ಪನಿಗೆ ಹೇಳದೆ. ಅವರು ಆ ಹೊತ್ತಿಗೆ ಬಸ್ ಸ್ಟಾಪಿನ ಗೋಡೆಗೆ ಸುಣ್ಣ ಬಳಿದು ನನ್ನ ಹೆಸರು ಬರೆಯುತ್ತಿದ್ದರು. ಚಿಹ್ನೆ ಇನ್ನೂ ಸಿಕ್ಕಿರಲಿಲ್ಲ, ಅದಕ್ಕೆ ಜಾಗ ಬಿಟ್ಟಿದ್ದರು. ಕಷ್ಟ ತಾಳಲಾರದೆ ಹೋದೆ ಎಂದುಕೊಳ್ಳಬೇಡ ಮಗಾ. ನನಗೆ ವಿಮಾನ ಹತ್ತಬೇಕಿತ್ತು. ಯಾರಿಗೂ ನನ್ನ ಗುರುತಿಲ್ಲದ ಒಂದು ಊರು ನೋಡಬೇಕಿತ್ತು. ಬಂದು ಹೇಳಿದಾಗ ಅವರು ಬ್ರಷ್ಷು ತೊಳೆದಿಟ್ಟರು. ಸಂಜೆ ಬೀಡಿ ಬ್ರಾಂಚಿನ ಹೆಂಗಸರು ಅಂಗಳ ತುಂಬಾ ಬಂದು ನಿಂತಾಗ ನಾನು ಬಾಯಿ ತೆರೆಯುವ ಮೊದಲೇ, "ನಾನೇ ತೆಗೆಸಿದ್ದು, ಅವಳನ್ನು ಎಂತದೂ ಕೇಳ್ಬೇಡಿ" ಎಂದರು. ಮುಂದೆ ನಿನಗೂ ಹಾಗೆಯೇ ಹೇಳಿದರು. ನಾನು ರಜೆಗೆ ಬಂದಿದ್ದೆ, ಪಕ್ಕದಲ್ಲೇ ಕೂತಿದ್ದೆ, ಸುಮ್ಮನಿದ್ದೆ.